ಲೋಹವಿಷ ಮತ್ತು ಸಸ್ಯಸಾರ

ಹುಳಿ ಮಜ್ಜಿಗೆಯನ್ನಾಗಲಿ ಹುಣಿಸೆಹಣ್ಣು ಕಿವುಚಿದ ಸಾರನ್ನಾಗಲಿ ಕಲಾಯಿ ಇಲ್ಲದ ಹಿತ್ತಾಳೆಯ ಪಾತ್ರೆಯಲ್ಲಿ ಇಡಬಾರದೆಂಬುದು, ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಸುತ್ತಲಿನ ಹಳ್ಳಿಗಳಲ್ಲಿ, ನಾಡಿನ ಉಳಿದೆಡೆಗಳಂತೆಯೇ, ಹಿಂದಿನ ತಲೆಮಾರಿನ ಗೃಹಿಣಿಯರೆಲ್ಲರೂ ಬಲ್ಲ ಸಂಗತಿಯಾಗಿತ್ತು. ಇಟ್ಟರೆ ಕಿಲುಬು ಏಳುತ್ತದೆ. ಕಿಲುಬು ಹತ್ತಿದ ಪದಾರ್ಥವನ್ನು ಉಂಡವರಿಗೆ ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ. ಹುಳಿಯಲ್ಲಿರುವ ಆಮ್ಲವು ತಾಮ್ರವನ್ನು ಕರಗಿಸಿ ಲವಣವನ್ನಾಗಿ ಮಾಡುತ್ತದೆಂದು ರಸಾಯನಶಾಸ್ತ್ರವು ವಿವರಿಸುವುದಕ್ಕೆ ಎಷ್ಟೋ ಮೊದಲೇ ಅಡುಗೆಮನೆಯು ಆ ಪಾಠವನ್ನು ಕಲಿತುಕೊಂಡಿತ್ತು. ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಊರಿಗೆ ಬರುತ್ತಿದ್ದ ಕಲಾಯಿಯವನು ತವರದ ತೆಳುವಾದ ಲೇಪನವನ್ನು ಕೊಟ್ಟು ಹೋಗುತ್ತಿದ್ದುದು ಕೇವಲ ಹೊಳಪಿಗಾಗಿ ಅಲ್ಲ.

ಆದರೆ ಈ ತಿಳಿವಳಿಕೆಗೆ ಒಂದು ಮಿತಿಯಿದ್ದಿತು. ತಾಮ್ರದ ಕಿಲುಬು ಕಣ್ಣಿಗೆ ಕಾಣುತ್ತದೆ, ನಾಲಗೆಗೆ ಒಗರಾಗಿ ತೋರುತ್ತದೆ, ತಿಂದ ದಿನವೇ ತನ್ನ ಗುಣವನ್ನು ಪ್ರಕಟಿಸುತ್ತದೆ. ಸೀಸ, ಕ್ಯಾಡ್ಮಿಯಂ, ಪಾದರಸ, ಪಾಷಾಣಕ್ಕೆ ಮೂಲವಾದ ಆರ್ಸೆನಿಕ್ ಇವುಗಳ ಬಗೆ ಬೇರೆ. ಅಲ್ಪ ಪ್ರಮಾಣದಲ್ಲಿ ನೀರಿನಲ್ಲಿಯೋ ಧೂಳಿನಲ್ಲಿಯೋ ಆಹಾರದಲ್ಲಿಯೋ ಬೆರೆತಿದ್ದರೆ ಅವು ಕಣ್ಣಿಗೂ ಕಾಣವು, ನಾಲಗೆಗೂ ತಿಳಿಯವು. ಅಂದಂದಿನ ಪಾಲು ಅಂದಂದಿಗೆ ದೇಹದಲ್ಲಿ ಸಂಗ್ರಹವಾಗುತ್ತ ಹೋಗಿ, ಐದೋ ಹತ್ತೋ ವರ್ಷಗಳ ಮೇಲೆ ಮೂತ್ರಪಿಂಡದಲ್ಲಿಯೋ ಚರ್ಮದಲ್ಲಿಯೋ ಮಗುವಿನ ಮಂಕಾದ ಬುದ್ಧಿಯಲ್ಲಿಯೋ ಕಾಣಿಸಿಕೊಳ್ಳುತ್ತವೆ. ಇಂತಹ ಗುಪ್ತವಿಷವನ್ನು ಎದುರಿಸಲು ಅರಿಸಿನ, ಬೆಳ್ಳುಳ್ಳಿ, ನೆಲ್ಲಿಕಾಯಿ, ಒಂದೆಲಗ, ನುಗ್ಗೆ ಮೊದಲಾದ ಸಸ್ಯಗಳ ಸಾರವು ನೆರವಾಗಬಲ್ಲದೇ ಎಂಬ ಪ್ರಶ್ನೆಯನ್ನು ಕಳೆದ ಕೆಲವು ದಶಕಗಳಿಂದ ವಿಜ್ಞಾನಿಗಳು ಎತ್ತಿಕೊಂಡಿದ್ದಾರೆ. ಅವರು ಕಂಡುಕೊಂಡುದೆಷ್ಟು, ಜನರು ನಂಬಿಕೊಂಡುದೆಷ್ಟು ಎಂಬುದನ್ನು ಬೇರ್ಪಡಿಸಿ ನೋಡುವುದು ಈ ಲೇಖನದ ಉದ್ದೇಶ.

ಚಿತ್ರದುರ್ಗದ ಸೀಮೆಗೆ ಲೋಹವು ಹೊಸದಲ್ಲ. ಇಲ್ಲಿಯ ಪುರಾತನವಾದ ಶಿಲಾಪಟ್ಟಿಯಲ್ಲಿ ಕಬ್ಬಿಣ, ಮ್ಯಾಂಗನೀಸ್, ತಾಮ್ರಗಳ ಅದಿರು ಅಡಗಿದೆ. ಕೋಟೆಗೆ ಸಮೀಪದ ಇಂಗಳದಾಳಿನಲ್ಲಿ ತಾಮ್ರದ ಗಣಿ ನಡೆದುದನ್ನು ಈ ಭಾಗದ ಹಿರಿಯರು ಬಲ್ಲರು. ಕಬ್ಬಿಣ, ತಾಮ್ರ, ಸತು, ಮ್ಯಾಂಗನೀಸುಗಳು ದೇಹಕ್ಕೆ ಅಲ್ಪಾಂಶದಲ್ಲಿ ಬೇಕಾದವು. ಕಬ್ಬಿಣವಿಲ್ಲದೆ ರಕ್ತಕ್ಕೆ ಕೆಂಪಿಲ್ಲ. ಸೀಸ, ಪಾದರಸ, ಕ್ಯಾಡ್ಮಿಯಂಗಳಿಗೆ ಮನುಷ್ಯದೇಹದಲ್ಲಿ ಯಾವ ಕೆಲಸವೂ ಇಲ್ಲ. ಆರ್ಸೆನಿಕ್ಕನ್ನು ಶಾಸ್ತ್ರವು ಅರೆಲೋಹವೆಂದು ಎಣಿಸಿದರೂ ವಿಷದ ದೃಷ್ಟಿಯಿಂದ ಅದನ್ನು ಈ ಗುಂಪಿನಲ್ಲಿಯೇ ಸೇರಿಸುವುದು ರೂಢಿ.

ಈ ಲೋಹಗಳು ಅಂಗಾಂಗಗಳನ್ನು ಕೆಡಿಸುವ ರೀತಿಯನ್ನು ತಿಳಿಯದೆ ಸಸ್ಯಗಳ ರಕ್ಷಣೆಯನ್ನು ತಿಳಿಯುವುದು ಸಾಧ್ಯವಿಲ್ಲ. ದೇಹದ ಕೆಲಸವನ್ನೆಲ್ಲ ನಡೆಸುವ ಕಿಣ್ವಗಳು ಪ್ರೋಟೀನುಗಳು. ಅವುಗಳಲ್ಲಿ ಅನೇಕವುಗಳ ಮರ್ಮಸ್ಥಾನದಲ್ಲಿ ಗಂಧಕದ ಪರಮಾಣುವೊಂದು ಇರುತ್ತದೆ. ಸೀಸ, ಪಾದರಸ, ಕ್ಯಾಡ್ಮಿಯಂ, ಆರ್ಸೆನಿಕ್ಕುಗಳಿಗೆ ಗಂಧಕದ ಮೇಲೆ ಬಿಡಿಸಲಾರದ ಮೋಹ. ಅವು ಬಂದು ಗಂಧಕವನ್ನು ಅಪ್ಪಿಕೊಂಡೊಡನೆ ಆ ಕಿಣ್ವವು ಬೀಗದಲ್ಲಿ ಮುರಿದ ಕೀಲಿಯಂತೆ ನಿಷ್ಪ್ರಯೋಜಕವಾಗುತ್ತದೆ. ಸೀಸವು ರಕ್ತದ ಕೆಂಪುವರ್ಣವನ್ನು ತಯಾರಿಸುವ ಕಿಣ್ವವನ್ನು ಹೀಗೆ ತಡೆಯುವುದರಿಂದಲೇ ಸೀಸದ ಕೆಲಸಗಾರರು ಬಿಳಿಚಿಕೊಳ್ಳುತ್ತಾರೆ. ಎರಡನೆಯದಾಗಿ, ಪ್ರತಿಯೊಂದು ಜೀವಕೋಶದಲ್ಲಿಯೂ ಗ್ಲುಟಾಥಯೋನ್ ಎಂಬ ಗಂಧಕಯುಕ್ತವಾದ ಪುಟ್ಟ ಅಣುವಿದ್ದು, ಉಸಿರಾಟದ ಫಲವಾಗಿ ಹುಟ್ಟುವ ಉಗ್ರವಾದ ಆಮ್ಲಜನಕದ ಕಣಗಳನ್ನು ಅದು ತಣಿಸುತ್ತಿರುತ್ತದೆ. ಲೋಹಗಳು ಇದನ್ನೂ ಕಬಳಿಸುತ್ತವೆ. ಕಾವಲುಗಾರನು ಇಲ್ಲವಾದ ಮೇಲೆ ಆ ಉಗ್ರಕಣಗಳು ಕೋಶದ ಪೊರೆಯನ್ನೂ ವಂಶವಾಹಿಯನ್ನೂ ಸುಡತೊಡಗುತ್ತವೆ. ಉತ್ಕರ್ಷಣದ ಹಾನಿ ಎಂದು ಕರೆಯುವುದು ಇದನ್ನೇ.

ಯಾವ ಅಂಗ ಮೊದಲು ಕೆಡುತ್ತದೆಂಬುದು ಲೋಹವು ಎಲ್ಲಿ ನೆಲೆಸುತ್ತದೆಂಬುದನ್ನು ಅವಲಂಬಿಸಿದೆ. ಕ್ಯಾಡ್ಮಿಯಂ ಮೂತ್ರಪಿಂಡವನ್ನು ಸೇರಿದರೆ ಅದರಲ್ಲಿ ಅರ್ಧಪಾಲು ಹೊರಹೋಗಲು ಹತ್ತರಿಂದ ಮೂವತ್ತು ವರ್ಷಗಳು ಬೇಕು. ಸೀಸವು ಸುಣ್ಣದ ಅಂಶದಂತೆ ನಟಿಸಿ ಎಲುಬಿನೊಳಗೆ ಮನೆಮಾಡುತ್ತದೆ. ಪಾದರಸದ ಕೆಲವು ರೂಪಗಳು ಮಿದುಳನ್ನು, ಕೆಲವು ಮೂತ್ರಪಿಂಡವನ್ನು ಹುಡುಕಿಕೊಂಡು ಹೋಗುತ್ತವೆ. ಒಳಬಂದ ವಿಷಗಳನ್ನೆಲ್ಲ ಮೊದಲು ಎದುರುಗೊಳ್ಳುವ ಯಕೃತ್ತಿಗಂತೂ ಯಾವುದರಿಂದಲೂ ಬಿಡುವಿಲ್ಲ.

ಕರ್ನಾಟಕದಲ್ಲಿ ಇದು ಪುಸ್ತಕದ ಮಾತಾಗಿ ಉಳಿದಿಲ್ಲ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ ಹಿಂದೆ ಚಿನ್ನದ ಗಣಿ ನಡೆದ ಮಂಗಳೂರು ಎಂಬ ಗ್ರಾಮದ ಶಿಲಾಪಟ್ಟಿಯಲ್ಲಿದೆ. ಚಿನ್ನದೊಡನೆ ನೆಲದಲ್ಲಿ ಸಹವಾಸಿಯಾಗಿರುವ ಖನಿಜಗಳಲ್ಲಿ ಆರ್ಸೆನಿಕ್ ಒಂದು ಅಂಶ. ತಾಂಡಾದ ಕೊಳವೆಬಾವಿಗಳ ನೀರಿನಲ್ಲಿ ಅದು ಕರಗಿ ಬಂದುದನ್ನೂ, ಪರೀಕ್ಷೆಗೆ ಒಳಗಾದ ನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದಲ್ಲಿ ಅದರ ಗುರುತುಗಳು ಮೂಡಿದ್ದುದನ್ನೂ ೨೦೧೩ರಲ್ಲಿ ಪ್ರಕಟವಾದ ಸಂಶೋಧನೆಯೊಂದು ವರದಿಮಾಡಿತು. ಅಂಗೈ ಅಂಗಾಲುಗಳಲ್ಲಿ ಆಣಿಯಂತಹ ಗಂಟುಗಳು, ಮೈಮೇಲೆ ಮಳೆಹನಿ ಬಿದ್ದ ಧೂಳಿನ ನೆಲದಂತಹ ಚುಕ್ಕೆಗಳು ಈ ರೋಗದ ಲಕ್ಷಣಗಳು. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ ೧೦ ಮೈಕ್ರೋಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ನಾಲಗೆ ಇದನ್ನು ಹೇಗೆ ಗುರುತಿಸೀತು?

ಸೀಸದ ಕಥೆ ನಗರದ್ದು. ೧೯೯೦ರ ದಶಕದ ಕೊನೆಯಲ್ಲಿ ದೇಶದ ಮಹಾನಗರಗಳ ಮಕ್ಕಳ ರಕ್ತವನ್ನು ಪರೀಕ್ಷಿಸಿದಾಗ, ಹನ್ನೆರಡು ವರ್ಷದೊಳಗಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಪ್ರತಿ ಡೆಸಿಲೀಟರಿಗೆ ೧೦ ಮೈಕ್ರೋಗ್ರಾಂ ಮೀರಿದ ಸೀಸ ಕಂಡುಬಂದಿತು. ಬೆಂಗಳೂರಿನ ಸಂತ ಜಾನ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ಕಾರ್ಯದ ಮುಂಚೂಣಿಯಲ್ಲಿದ್ದು, ಸೀಸವಿಷದ ರಾಷ್ಟ್ರೀಯ ಸಲಹಾ ಕೇಂದ್ರವನ್ನು ಕಟ್ಟಿದವರು. ೨೦೦೦ದಲ್ಲಿ ಸೀಸರಹಿತ ಪೆಟ್ರೋಲು ದೇಶಾದ್ಯಂತ ಬಂದಿತು. ಗಾಳಿಯ ಸೀಸ ಇಳಿಯಿತು. ಉಳಿದುದು ಹಳೆಯ ಬಣ್ಣ, ಕಲಬೆರಕೆ ಕಲಾಯಿ, ಎಲ್ಲಕ್ಕಿಂತ ಮಿಗಿಲಾಗಿ ಬ್ಯಾಟರಿ ಒಡೆದು ಸೀಸ ಕರಗಿಸುವ ಸಣ್ಣ ಕಾರ್ಖಾನೆಗಳು. ಮಕ್ಕಳ ವಿಷಯದಲ್ಲಿ ಎಚ್ಚರಿಕೆಯ ಮಟ್ಟವು ಕಾಲಕಾಲಕ್ಕೆ ಕೆಳಗಿಳಿಯುತ್ತ ಬಂದು, ಅಮೆರಿಕೆಯ ಆರೋಗ್ಯ ಇಲಾಖೆಯು ೨೦೨೧ರಲ್ಲಿ ಅದನ್ನು ೩.೫ ಮೈಕ್ರೋಗ್ರಾಮಿಗೆ ನಿಗದಿಪಡಿಸಿತು. ನಿರಪಾಯಕರವಾದ ಪ್ರಮಾಣವೆಂಬುದು ಮಗುವಿಗೆ ಇಲ್ಲವೆಂಬುದೇ ಇದರ ತಾತ್ಪರ್ಯ.

ದೇಹದಿಂದ ಲೋಹವನ್ನು ಹೊರಹಾಕುವ ಔಷಧಗಳು ಇಲ್ಲವೆಂದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆರ್ಸೆನಿಕ್ಕಿನಿಂದ ತಯಾರಿಸಿದ ವಿಷಾನಿಲಕ್ಕೆ ಪ್ರತಿಯಾಗಿ ಆಕ್ಸ್‌ಫರ್ಡಿನ ವಿಜ್ಞಾನಿಗಳು ಎರಡು ಗಂಧಕದ ಪರಮಾಣುಗಳನ್ನು ಹೊತ್ತ ಅಣುವೊಂದನ್ನು ರೂಪಿಸಿದರು. ಏಡಿಯು ತನ್ನ ಎರಡು ಕೊಂಡಿಗಳಿಂದ ಹಿಡಿಯುವಂತೆ ಅದು ಲೋಹವನ್ನು ಹಿಡಿದು ಮೂತ್ರದ ದಾರಿಯಲ್ಲಿ ಹೊರಗೆ ಸಾಗಿಸುತ್ತದೆ. ಈ ಬಗೆಯ ಚಿಕಿತ್ಸೆಗೆ ಕೀಲೇಷನ್ ಎಂಬ ಹೆಸರು ಬಂದುದು ಏಡಿಯ ಕೊಂಡಿಯನ್ನು ಸೂಚಿಸುವ ಗ್ರೀಕ್ ಪದದಿಂದ. ಆಮೇಲೆ ಪೆನಿಸಿಲಮೈನ್, ಸಕ್ಸಿಮರ್ ಮೊದಲಾದವು ಬಂದವು. ತೀವ್ರವಾದ ವಿಷದಲ್ಲಿ ಇವು ಪ್ರಾಣವನ್ನು ಉಳಿಸಿವೆ. ಆದರೆ ಕೊಂಡಿಗೆ ವಿವೇಚನೆಯಿಲ್ಲ. ದೇಹಕ್ಕೆ ಬೇಕಾದ ಸತು, ತಾಮ್ರಗಳನ್ನೂ ಅದು ಎಳೆದೊಯ್ಯಬಹುದು, ಮೂತ್ರಪಿಂಡಕ್ಕೂ ಶ್ರಮ ಕೊಡಬಹುದು. ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ವಿಷವನ್ನು ಉಣ್ಣುತ್ತಿರುವ ಸಾವಿರಾರು ಜನರಿಗೆ ನಿತ್ಯವೂ ಕೊಡಬಹುದಾದ ವಸ್ತು ಅದಲ್ಲ. ಸಸ್ಯಗಳ ಕಡೆಗೆ ವಿಜ್ಞಾನಿಗಳ ದೃಷ್ಟಿ ಹೊರಳಿದುದು ಈ ಕೊರತೆಯಿಂದ.

ಸಸ್ಯದಲ್ಲಿ ಇಂತಹ ಶಕ್ತಿ ಇರುವುದಾದರೂ ಏಕೆ? ಬೇರೂರಿ ನಿಂತ ಗಿಡವು ನೆಲ ಕೆಟ್ಟಿತೆಂದು ಊರು ಬಿಟ್ಟು ಹೋಗಲಾರದು. ಬಿಸಿಲನ್ನೂ ಕೀಟವನ್ನೂ ವಿಷವನ್ನೂ ಅದು ನಿಂತಲ್ಲಿಯೇ ಎದುರಿಸಬೇಕು. ೧೯೮೫ರಲ್ಲಿ ಜರ್ಮನಿಯ ಗ್ರಿಲ್, ವಿನ್ನಾಕರ್, ಜೆಂಕ್ ಎಂಬ ಮೂವರು, ಸಸ್ಯಗಳು ಲೋಹದ ಸೋಂಕು ತಗಲಿದೊಡನೆ ಗ್ಲುಟಾಥಯೋನಿನ ತುಣುಕುಗಳನ್ನು ಸರಪಣಿಯಾಗಿ ಪೋಣಿಸಿ ಲೋಹವನ್ನು ಕಟ್ಟಿಹಾಕುತ್ತವೆಂದು ತೋರಿಸಿದರು. ಈ ಸರಪಣಿಗಳಿಗೆ ಫೈಟೋಕೀಲಾಟಿನ್ ಎಂದು ಹೆಸರು. ಪ್ರಾಣಿಗಳಲ್ಲಿ ಇಂತಹುದೇ ಕೆಲಸ ಮಾಡುವ ಗಂಧಕಭರಿತ ಪ್ರೋಟೀನೊಂದನ್ನು ೧೯೫೭ರಲ್ಲಿಯೇ ಕುದುರೆಯ ಮೂತ್ರಪಿಂಡದಲ್ಲಿ ಗುರುತಿಸಲಾಗಿತ್ತು. ಗಿಡಕ್ಕೂ ಕುದುರೆಗೂ ಪ್ರಕೃತಿಯು ಒಂದೇ ಉಪಾಯವನ್ನು ಕಲಿಸಿದೆ! ಆದರೆ ಇಲ್ಲೊಂದು ತೊಡಕು ಇದೆ. ಗಿಡವು ಲೋಹವನ್ನು ಕಟ್ಟಿಹಾಕುತ್ತದೆಯೇ ಹೊರತು ನಾಶಮಾಡುವುದಿಲ್ಲ. ಕಟ್ಟಿದ ಲೋಹವು ಎಲೆಯಲ್ಲಿಯೇ ಉಳಿಯುತ್ತದೆ. ನಗರದ ಕೊಳಚೆ ನೀರಿನಲ್ಲಿ ಬೆಳೆದ ಹಸನಾದ ಸೊಪ್ಪು ಕ್ಯಾಡ್ಮಿಯಮ್ಮನ್ನು ಹೊತ್ತು ಮಾರುಕಟ್ಟೆಗೆ ಬರುವುದು ಹೀಗೆ. ಸೊಪ್ಪು ಒಳ್ಳೆಯದೆಂಬ ಮಾತಿಗೆ, ಅದು ಯಾವ ನೀರನ್ನು ಕುಡಿದುದೆಂಬ ಪ್ರಶ್ನೆಯನ್ನು ಕೂಡಿಸಿಯೇ ಹೇಳಬೇಕು.

ಸಸ್ಯಸಾರಗಳಲ್ಲಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾದುದು ಅರಿಸಿನದ ಹಳದಿಯ ತಿರುಳಾದ ಕರ್ಕ್ಯುಮಿನ್. ಅದು ಮೂರು ಬಗೆಯಲ್ಲಿ ಕೆಲಸ ಮಾಡುವಂತೆ ತೋರುತ್ತದೆ. ಅದರ ಅಣುವಿನ ನಡುವೆ ಸಮೀಪದಲ್ಲಿಯೇ ಇರುವ ಎರಡು ಆಮ್ಲಜನಕಗಳು ಲೋಹವನ್ನು ಸ್ವಲ್ಪಮಟ್ಟಿಗೆ ಹಿಡಿಯಬಲ್ಲವು. ಉಗ್ರಕಣಗಳನ್ನು ಅದು ತಾನೇ ತಣಿಸಬಲ್ಲದು. ಇವೆರಡಕ್ಕಿಂತ ಮುಖ್ಯವಾದುದು ಮೂರನೆಯದು. ಜೀವಕೋಶದಲ್ಲಿ ಎನ್‌ಆರ್‌ಎಫ್ ೨ ಎಂಬ ಪ್ರೋಟೀನು ಇನ್ನೊಂದು ಪ್ರೋಟೀನಿನ ಬಂಧನದಲ್ಲಿ ಸುಮ್ಮನೆ ಬಿದ್ದಿರುತ್ತದೆ. ಕರ್ಕ್ಯುಮಿನ್ನಿನಂತಹ ಸಸ್ಯವಸ್ತುಗಳು ಆ ಬಂಧನವನ್ನು ಸಡಿಲಿಸಿದಾಗ ಅದು ಕೋಶಕೇಂದ್ರವನ್ನು ಹೊಕ್ಕು, ಗ್ಲುಟಾಥಯೋನ್ ತಯಾರಿಸುವ ಕಿಣ್ವಗಳ ವಂಶವಾಹಿಗಳನ್ನು ಎಚ್ಚರಿಸುತ್ತದೆ. ಎಂದರೆ ಸಸ್ಯಸಾರವು ತಾನು ಹೋರಾಡುವುದಕ್ಕಿಂತ ಹೆಚ್ಚಾಗಿ ದೇಹದ ಸ್ವಂತ ಸೈನ್ಯವನ್ನು ಎಬ್ಬಿಸುತ್ತದೆ. ಸ್ವಲ್ಪ ಖಾರ, ಸ್ವಲ್ಪ ಕಹಿ, ಸ್ವಲ್ಪ ಒಗರು ಇರುವ ಪದಾರ್ಥಗಳಲ್ಲಿಯೇ ಈ ಗುಣ ಹೆಚ್ಚಾಗಿ ಕಾಣುವುದು ಕುತೂಹಲಕರ. ಗಿಡವು ಕೀಟಗಳನ್ನು ಹೆದರಿಸಲೆಂದು ಮಾಡಿಕೊಂಡ ಮೃದುವಾದ ವಿಷವು ಮನುಷ್ಯನ ಜೀವಕೋಶಕ್ಕೆ ಎಚ್ಚರಿಕೆಯ ಗಂಟೆಯಾಗಿ ಪರಿಣಮಿಸುತ್ತದೆಂದು ಹೇಳಬಹುದು.

ಇಲಿಗಳ ಮೇಲೆ ಇದು ನಿಜವಾಗಿದೆ. ಮನುಷ್ಯರ ಮೇಲೆ? ಪಶ್ಚಿಮ ಬಂಗಾಳದ ಆರ್ಸೆನಿಕ್ ಪೀಡಿತ ಪ್ರದೇಶದ ನಿವಾಸಿಗಳಿಗೆ ಮೂರು ತಿಂಗಳ ಕಾಲ, ದಿನಕ್ಕೆರಡು ಬಾರಿ ೫೦೦ ಮಿಲಿಗ್ರಾಂ ಕರ್ಕ್ಯುಮಿನ್ನನ್ನು ಮೆಣಸಿನ ಸತ್ವದೊಡನೆ ಕೊಟ್ಟು, ಅವರ ರಕ್ತಕಣಗಳ ವಂಶವಾಹಿಯಲ್ಲಿ ಕಾಣುತ್ತಿದ್ದ ಹಾನಿಯು ತಗ್ಗಿದುದನ್ನು ಕೊಲ್ಕತ್ತೆಯ ಸಂಶೋಧಕರು ೨೦೧೦ರಲ್ಲಿ ಪ್ರಕಟಿಸಿದರು. ಮೆಣಸನ್ನು ಸೇರಿಸಿದುದಕ್ಕೆ ಕಾರಣವನ್ನು ಬೆಂಗಳೂರಿನಲ್ಲಿಯೇ ಕಂಡುಹಿಡಿಯಲಾಗಿತ್ತು. ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಬಹಳ ಕಡಿಮೆ ಸೇರುತ್ತದೆ. ಸೇರಿದಷ್ಟನ್ನೂ ಯಕೃತ್ತು ಬೇಗನೆ ಹೊರಹಾಕುತ್ತದೆ. ೧೯೯೮ರಲ್ಲಿ ಸಂತ ಜಾನ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು, ಎರಡು ಗ್ರಾಂ ಕರ್ಕ್ಯುಮಿನ್ನಿನೊಡನೆ ಕಾಳುಮೆಣಸಿನ ಪೈಪರೀನನ್ನು ೨೦ ಮಿಲಿಗ್ರಾಂ ಕೊಟ್ಟಾಗ ಅದು ರಕ್ತಕ್ಕೆ ದೊರೆಯುವ ಪ್ರಮಾಣವು ಸುಮಾರು ಇಪ್ಪತ್ತು ಪಟ್ಟು ಹೆಚ್ಚುವುದನ್ನು ತೋರಿಸಿಕೊಟ್ಟರು. ಸಾರಿನ ಪುಡಿಯಲ್ಲಿ ಅರಿಸಿನವನ್ನೂ ಮೆಣಸನ್ನೂ ಜೊತೆಗೂಡಿಸಿದವರು ಈ ಲೆಕ್ಕವನ್ನು ಅರಿತೇ ಕೂಡಿಸಿದರೆಂದು ಹೇಳುವುದು ಉತ್ಪ್ರೇಕ್ಷೆ; ರುಚಿಗಾಗಿ ಕೂಡಿಸಿದುದು ಗುಣಕ್ಕೂ ಒದಗಿತೆಂದರೆ ಸಾಕು.

ಹಾಗೆಂದು ಅಡುಗೆಯ ಅರಿಸಿನವೇ ಔಷಧವೆಂದು ತಿಳಿಯುವಂತಿಲ್ಲ. ಅರಿಸಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು ಮೂರು ಪಾಲು. ಬಂಗಾಳದ ಪ್ರಯೋಗದಲ್ಲಿ ಕೊಟ್ಟ ದಿನಕ್ಕೊಂದು ಗ್ರಾಂ ಕರ್ಕ್ಯುಮಿನ್ ದೊರೆಯಬೇಕಾದರೆ ದಿನವೂ ೩೩ ಗ್ರಾಂ ಅರಿಸಿನವನ್ನು ಉಣ್ಣಬೇಕು. ಒಂದು ಮನೆಯವರೆಲ್ಲರೂ ಸೇರಿ ದಿನಕ್ಕೆ ಬಳಸುವುದು ಕೆಲವೇ ಗ್ರಾಂ. ಅಲ್ಲದೆ ಆ ಪ್ರಯೋಗದಲ್ಲಿ ತಗ್ಗಿದುದು ಹಾನಿಯ ಒಂದು ಗುರುತು ಮಾತ್ರ. ಕೈಯ ಗಂಟುಗಳು ಕರಗಿದುವೆಂದಾಗಲಿ, ಆರ್ಸೆನಿಕ್ಕಿನಿಂದ ಬರುವ ಅರ್ಬುದರೋಗವು ತಪ್ಪಿತೆಂದಾಗಲಿ ಮೂರು ತಿಂಗಳಲ್ಲಿ ಹೇಳಲು ಬರುವುದಿಲ್ಲ.

ಬೆಳ್ಳುಳ್ಳಿಯ ವಿಷಯದಲ್ಲಿ ಸಾಕ್ಷ್ಯವು ಇನ್ನೂ ನೇರವಾಗಿದೆ. ಇರಾನಿನ ಮಷಹದ್ ನಗರದ ಬ್ಯಾಟರಿ ಕಾರ್ಖಾನೆಯ ೧೧೭ ಮಂದಿ ಸೀಸಪೀಡಿತ ಕೆಲಸಗಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪೆನಿಸಿಲಮೈನನ್ನೂ ಇನ್ನೊಂದಕ್ಕೆ ಬೆಳ್ಳುಳ್ಳಿಯ ಗುಳಿಗೆಯನ್ನೂ ನಾಲ್ಕು ವಾರ ಕೊಡಲಾಯಿತು. ಬೆಳ್ಳುಳ್ಳಿಯ ಗುಂಪಿನಲ್ಲಿ ರಕ್ತದ ಸೀಸವು ಸರಾಸರಿ ಒಂದು ಲೀಟರಿಗೆ ೪೨೬ ಮೈಕ್ರೋಗ್ರಾಮಿನಿಂದ ೩೪೭ಕ್ಕೆ ಇಳಿಯಿತು. ಔಷಧದ ಗುಂಪಿನ ಇಳಿತಕ್ಕೂ ಇದಕ್ಕೂ ಗಣನೀಯವಾದ ಅಂತರ ಕಾಣಲಿಲ್ಲ, ಅಡ್ಡಪರಿಣಾಮಗಳು ಮಾತ್ರ ಬೆಳ್ಳುಳ್ಳಿಯಲ್ಲಿ ಕಡಿಮೆಯಿದ್ದವು. ೨೦೧೨ರಲ್ಲಿ ಪ್ರಕಟವಾದ ಈ ಪ್ರಯೋಗವು ಸಸ್ಯವಾದಿಗಳಿಗೆ ಬಹು ಪ್ರಿಯವಾಗಿದೆ. ಬೆಳ್ಳುಳ್ಳಿಯ ಎಸಳನ್ನು ಜಜ್ಜಿದಾಗ ಅದರ ಕಿಣ್ವವೊಂದು ಎಚ್ಚೆತ್ತು ಅಲಿಸಿನ್ ಎಂಬ ಗಂಧಕವಸ್ತುವನ್ನು ಹುಟ್ಟಿಸುತ್ತದೆ. ಲೋಹದ ಮೋಹವು ಗಂಧಕದ ಮೇಲೆಂಬುದನ್ನು ನೆನೆದರೆ ಈ ಫಲವು ಅಚ್ಚರಿಯದಲ್ಲ. ಎಸಳನ್ನು ಇಡಿಯಾಗಿ ಕುದಿಸಿದರೆ ಕಿಣ್ವವು ಸತ್ತು ಅಲಿಸಿನ್ ಹುಟ್ಟುವುದೇ ಇಲ್ಲ. ಜಜ್ಜಿ ಸ್ವಲ್ಪ ಹೊತ್ತು ಬಿಟ್ಟು ಬಳಸಬೇಕು. ಆದರೂ ಎರಡು ಸಂಗತಿಗಳನ್ನು ಮರೆಯಬಾರದು. ಏನನ್ನೂ ಕೊಡದ ಮೂರನೆಯ ಗುಂಪು ಅಲ್ಲಿರಲಿಲ್ಲ. ಆದ್ದರಿಂದ ಇಳಿದುದರಲ್ಲಿ ಬೆಳ್ಳುಳ್ಳಿಯ ಪಾಲೆಷ್ಟು ಎಂಬುದನ್ನು ಖಚಿತವಾಗಿ ಹೇಳಲಾಗದು. ಇಳಿದ ಮೇಲೆಯೂ ಉಳಿದ ೩೪೭ ಎಂಬುದು, ಡೆಸಿಲೀಟರಿನ ಲೆಕ್ಕದಲ್ಲಿ ಸುಮಾರು ೩೫, ಮಕ್ಕಳಿಗೆ ನಿಗದಿಪಡಿಸಿದ ಎಚ್ಚರಿಕೆಯ ಮಟ್ಟದ ಹತ್ತು ಪಟ್ಟು.

ನೆಲ್ಲಿಕಾಯಿಯಲ್ಲಿ ಹೇರಳವಾಗಿರುವ ಸಿ ಜೀವಸತ್ವದ ಬಗ್ಗೆ ೧೯೯೯ರ ಅಮೆರಿಕದ ಪ್ರಯೋಗವೊಂದು, ೭೫ ಮಂದಿ ಧೂಮಪಾನಿಗಳಲ್ಲಿ ದಿನಕ್ಕೆ ೧೦೦೦ ಮಿಲಿಗ್ರಾಂ ಸೇವಿಸಿದವರ ರಕ್ತದ ಸೀಸವು ವಾರದೊಳಗೆ ನೂರಕ್ಕೆ ೮೧ರಷ್ಟು ಇಳಿಯಿತೆಂದೂ ೨೦೦ ಮಿಲಿಗ್ರಾಂ ಸೇವಿಸಿದವರಲ್ಲಿ ಏನೂ ಇಳಿಯಲಿಲ್ಲವೆಂದೂ ಹೇಳಿತು. ಎಲುಬಿನಲ್ಲಿ ಕುಳಿತ ಸೀಸವು ರಕ್ತಕ್ಕೆ ಸದಾ ಮರಳುತ್ತಿರುವುದನ್ನು ನೆನೆದರೆ ವಾರದಲ್ಲಿ ಇಷ್ಟು ಇಳಿತವೆಂಬುದು ನಂಬಲು ಕಷ್ಟವಾದ ಅಂಕಿ.

ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯದಲ್ಲಿ ಡಾ. ಫ್ಲೋರಾ ಮತ್ತು ಅವರ ಸಹೋದ್ಯೋಗಿಗಳು ಹಲವು ವರ್ಷಗಳ ಕಾಲ ನಡೆಸಿದ ಕಾರ್ಯವು ನಮ್ಮ ಹಿತ್ತಿಲಿನ ಗಿಡಗಳಿಗೆ ಹತ್ತಿರವಾದುದು. ಆರ್ಸೆನಿಕ್ ಉಣಿಸಿದ ಇಲಿಗಳಿಗೆ ಒಂದೆಲಗವನ್ನು ಕೊಟ್ಟಾಗ ಉತ್ಕರ್ಷಣದ ಹಾನಿಯು ತಗ್ಗಿತು, ಆದರೆ ಅಂಗಾಂಗಗಳಲ್ಲಿ ಸೇರಿದ್ದ ಆರ್ಸೆನಿಕ್ ಹೊರಬರಲಿಲ್ಲ. ನುಗ್ಗೆಯ ಬೀಜದ ಪುಡಿಯು ಹಾನಿಯನ್ನೂ ತಗ್ಗಿಸಿ ಆರ್ಸೆನಿಕ್ಕನ್ನೂ ಸ್ವಲ್ಪ ಹೊರಹಾಕಿತು. ಈ ವ್ಯತ್ಯಾಸವು ಬಹಳ ಮುಖ್ಯವಾದುದು, ಪತ್ರಿಕೆಗಳ ಆರೋಗ್ಯ ಅಂಕಣಗಳಲ್ಲಿ ಸಾಮಾನ್ಯವಾಗಿ ಕಾಣೆಯಾಗುವುದೂ ಇದೇ. ಹೊಗೆಯನ್ನು ಚದುರಿಸುವುದು ಬೇರೆ, ಬೆಂಕಿಯನ್ನು ಆರಿಸುವುದು ಬೇರೆ. ರಕ್ಷಣೆ ಎಂಬ ಒಂದೇ ಮಾತಿನಲ್ಲಿ ಎರಡನ್ನೂ ಅಡಗಿಸಿದರೆ ಓದುಗನಿಗೆ ಮೋಸವಾಗುತ್ತದೆ. ಇಲಿಯ ಪ್ರಯೋಗಕ್ಕೆ ಇನ್ನೂ ಒಂದು ಕೊರತೆಯುಂಟು: ಅಲ್ಲಿ ವಿಷವನ್ನು ದೊಡ್ಡ ಪ್ರಮಾಣದಲ್ಲಿ ಕೆಲವು ವಾರ ಕೊಡುತ್ತಾರೆ, ಬಹುಸಲ ಸಸ್ಯಸಾರವನ್ನೂ ಅದರೊಡನೆಯೇ ಕೊಡುತ್ತಾರೆ. ಕಿರದಳ್ಳಿ ತಾಂಡಾದ ಕೂಲಿಕಾರನು ವಿಷವನ್ನು ಹನಿಹನಿಯಾಗಿ ಇಪ್ಪತ್ತು ವರ್ಷ ಕುಡಿದಿರುತ್ತಾನೆ, ಔಷಧವನ್ನು ಕೇಳುವುದು ಅದಾದ ಮೇಲೆ.

ಇವೆಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯವಿರುವ ಸಸ್ಯವಸ್ತು ಮೂಲಿಕೆಯ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅದು ಸೊಪ್ಪುಗಳಲ್ಲಿಯೂ ಹೆಸರು ಕಡಲೆಗಳಂತಹ ಕಾಳುಗಳಲ್ಲಿಯೂ ಇರುವ ಫೋಲಿಕ್ ಆಮ್ಲ. ಲ್ಯಾಟಿನ್ನಿನಲ್ಲಿ ಎಲೆಗೆ ಫೋಲಿಯಂ ಎನ್ನುತ್ತಾರೆ. ೧೯೪೧ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದುದರಿಂದ ಈ ಹೆಸರು ಬಂದಿತು. ಯಕೃತ್ತು ಆರ್ಸೆನಿಕ್ಕಿಗೆ ಮೀಥೈಲ್ ಎಂಬ ಗುಂಪನ್ನು ಜೋಡಿಸಿ ಮೂತ್ರದಲ್ಲಿ ಸುಲಭವಾಗಿ ಹೋಗುವಂತೆ ಮಾಡುತ್ತದೆ. ಆ ಜೋಡಣೆಗೆ ಬೇಕಾದ ಸಾಮಗ್ರಿಯನ್ನು ಒದಗಿಸುವುದರಲ್ಲಿ ಫೋಲಿಕ್ ಆಮ್ಲಕ್ಕೆ ಪಾತ್ರವಿದೆ. ಬಾಂಗ್ಲಾದೇಶದಲ್ಲಿ ಅದರ ಕೊರತೆಯಿದ್ದವರಿಗೆ ದಿನಕ್ಕೆ ೪೦೦ ಮೈಕ್ರೋಗ್ರಾಮಿನಂತೆ ಹನ್ನೆರಡು ವಾರ ಕೊಟ್ಟಾಗ ರಕ್ತದ ಆರ್ಸೆನಿಕ್ ನೂರಕ್ಕೆ ಸುಮಾರು ೧೪ರಷ್ಟು ಇಳಿಯಿತೆಂದು ೨೦೦೭ರ ವರದಿ ತಿಳಿಸುತ್ತದೆ. ಹುಸಿಗುಳಿಗೆ ನುಂಗಿದವರಲ್ಲಿ ಇಳಿದುದು ಎರಡೂವರೆಯಷ್ಟು ಮಾತ್ರ. ಇಲ್ಲಿ ಹೋಲಿಕೆಯ ಗುಂಪೂ ಇದೆ, ಕಾರಣವೂ ಸ್ಪಷ್ಟವಾಗಿದೆ. ಬಸ್ಸಾರು ಮಾಡುವವರು ಸೊಪ್ಪುಕಾಳನ್ನು ಬೇಯಿಸಿದ ನೀರನ್ನು ಚೆಲ್ಲದೆ ಉಪಯೋಗಿಸುವುದು ಇಲ್ಲಿ ಸಾರ್ಥಕ. ನೀರಿನಲ್ಲಿ ಕರಗುವ ಈ ಸತ್ವವು ಕಟ್ಟಿನ ಪಾಲಾಗಿರುತ್ತದೆ.

ತಾಳ್ಯದಂತಹ ಬಯಲುಸೀಮೆಯ ಊರಿಗೆ ಹತ್ತಿರದ ಸಂಕಟವು ಫ್ಲೋರೈಡಿನದು. ಫ್ಲೋರೈಡ್ ಭಾರಲೋಹವಲ್ಲ, ಆದರೂ ಆಳದ ಕೊಳವೆಬಾವಿಯಿಂದ ಬಂದು, ಕಾಣದೆ ಸಂಗ್ರಹವಾಗಿ, ಹಲ್ಲನ್ನು ಕಲೆಗೊಳಿಸಿ ಎಲುಬನ್ನು ಬಿಗಿಗೊಳಿಸುವ ಅದರ ಚರಿತ್ರೆಯು ಲೋಹವಿಷದ ಚರಿತ್ರೆಯನ್ನೇ ಹೋಲುತ್ತದೆ, ಚಿತ್ರದುರ್ಗ ಜಿಲ್ಲೆಯು ಅದರ ಪರಿಚಿತ ನೆಲೆಗಳಲ್ಲಿ ಒಂದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಶಾಲಾ ಬಾಲಕರಿಗೆ ದಿನಕ್ಕೆ ೧೦ ಗ್ರಾಂ ಹುಣಿಸೆಹಣ್ಣನ್ನು ೧೮ ದಿನ ಕೊಟ್ಟು, ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ಹೆಚ್ಚುವುದನ್ನು ೨೦೦೨ರಲ್ಲಿ ವರದಿಮಾಡಿದರು. ಹಿತ್ತಾಳೆಯ ಪಾತ್ರೆಯಲ್ಲಿ ತಾಮ್ರವನ್ನು ಕರಗಿಸಿ ವಿಷಮಾಡುವ ಹುಣಿಸೆಯೇ ದೇಹದೊಳಗೆ ಇನ್ನೊಂದು ವಿಷವನ್ನು ಹೊರಗಟ್ಟುವುದನ್ನು ನೋಡಿದರೆ, ಯಾವ ವಸ್ತುವಿಗೂ ಒಳ್ಳೆಯದೆಂದೋ ಕೆಟ್ಟದೆಂದೋ ಶಾಶ್ವತವಾದ ಬಿರುದು ಕೊಡುವುದು ತರವಲ್ಲವೆನಿಸುತ್ತದೆ. ಆದರೆ ಹುಣಿಸೆ ತಿಂದ ಬಾಲಕನು ಅದೇ ನೀರನ್ನು ಕುಡಿಯುತ್ತ ಹೋದರೆ ಬಂದುದಕ್ಕೂ ಹೋದುದಕ್ಕೂ ಸರಿಹೋಗಲಾರದು.

ರಕ್ಷಕನೇ ಭಕ್ಷಕನಾಗುವ ಪ್ರಸಂಗಗಳೂ ಇವೆ. ಬಾಂಗ್ಲಾದೇಶದ ಗರ್ಭಿಣಿಯರ ರಕ್ತದಲ್ಲಿ ಸೀಸ ಕಂಡು ಮೂಲವನ್ನು ಹುಡುಕುತ್ತ ಹೋದ ಸಂಶೋಧಕರಿಗೆ ದೊರೆತುದು ಅರಿಸಿನ. ಮಂಕಾದ ಕೊಂಬಿಗೆ ಹೊಳಪು ಕೊಡಲು ವ್ಯಾಪಾರಿಗಳು ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ತಿಕ್ಕುತ್ತಿದ್ದರು. ಅದು ಸೀಸದ ಸಂಯುಕ್ತ. ೨೦೧೯ರಲ್ಲಿ ವಿಷಯವು ಬಯಲಾದ ಮೇಲೆ ಅಲ್ಲಿನ ಸರ್ಕಾರವು ದಂಡ ವಿಧಿಸಿ, ಜನರಿಗೆ ತಿಳಿವಳಿಕೆ ಕೊಟ್ಟು, ಮಾದರಿಗಳಲ್ಲಿ ನೂರಕ್ಕೆ ೪೭ರಷ್ಟಿದ್ದ ಕಲಬೆರಕೆಯನ್ನು ೨೦೨೧ರ ವೇಳೆಗೆ ಇಲ್ಲದಂತೆ ಮಾಡಿತು. ೨೦೨೪ರಲ್ಲಿ ಪ್ರಕಟವಾದ ಸಮೀಕ್ಷೆಯು ಪಟನಾ, ಗುವಾಹಟಿಗಳ ಮಾರುಕಟ್ಟೆಯಲ್ಲಿಯೂ ಇದೇ ಕಲಬೆರಕೆಯನ್ನು ಕಂಡಿತು. ಇಂತಹ ಅರಿಸಿನವನ್ನು ಸೀಸದ ವಿಷಕ್ಕೆ ಮದ್ದೆಂದು ಕೊಟ್ಟರೆ ಆಗುವುದೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂತೆಯೇ ೨೦೦೮ರಲ್ಲಿ ಅಮೆರಿಕದ ಸಂಶೋಧಕರು ಅಂತರಜಾಲದ ಮೂಲಕ ಕೊಂಡ ೧೯೩ ಆಯುರ್ವೇದ ಔಷಧಗಳಲ್ಲಿ ಸುಮಾರು ಐದರಲ್ಲೊಂದು ಪಾಲಿನಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ದೊರೆಯಿತು. ಭಸ್ಮಗಳ ಶೋಧನಕ್ರಮದ ಬಗ್ಗೆ ಪಂಡಿತರಲ್ಲಿ ವಾದವಿದೆ. ಆದರೆ ಮೂತ್ರಪಿಂಡ ಕೆಟ್ಟ ರೋಗಿಗೆ ಗೊತ್ತುಗುರಿಯಿಲ್ಲದ ಗುಳಿಗೆಯನ್ನು ಕೊಡ ಕೂಡದೆಂಬುದರಲ್ಲಿ ವಾದವಿರಬೇಕಾಗಿಲ್ಲ. ಕರ್ಕ್ಯುಮಿನ್ನಿನ ಗಾಢವಾದ ಗುಳಿಗೆಗಳಿಂದಲೇ ಯಕೃತ್ತು ಕೆಟ್ಟ ಪ್ರಕರಣಗಳು ಇಟಲಿಯಲ್ಲಿಯೂ ಅಮೆರಿಕದಲ್ಲಿಯೂ ವರದಿಯಾಗಿವೆ. ಅಡುಗೆಯ ಚಿಟಿಕೆಗೆ ಸಲ್ಲುವ ಸಾಧುತ್ವವು ಗುಳಿಗೆಯ ಪ್ರಮಾಣಕ್ಕೆ ಸಲ್ಲುವುದಿಲ್ಲ.

ಉಳಿದಿರುವುದು, ಲೋಹವು ರಕ್ತವನ್ನು ಸೇರುವ ಮೊದಲೇ ಅದನ್ನು ಕರುಳಿನಲ್ಲಿ ತಡೆಯುವ ವಿಚಾರ. ವಾಸ್ತವವಾಗಿ ಬಡವರಿಗೆ ಅತ್ಯಂತ ಉಪಯುಕ್ತವಾದ ಭಾಗವಿದು. ಖಾಲಿ ಹೊಟ್ಟೆಯಲ್ಲಿರುವ ವಯಸ್ಕನು ನುಂಗಿದ ಸೀಸದಲ್ಲಿ ಅರ್ಧಕ್ಕಿಂತ ಹೆಚ್ಚು ರಕ್ತಕ್ಕೆ ಸೇರಬಹುದು. ಊಟದೊಡನೆ ನುಂಗಿದರೆ ಸೇರುವುದು ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಮಕ್ಕಳ ಕರುಳು ನುಂಗಿದುದರಲ್ಲಿ ಅರ್ಧದಷ್ಟನ್ನು ಹೀರಿಕೊಳ್ಳುತ್ತದೆ. ಕಬ್ಬಿಣದ ಕೊರತೆಯಿರುವ ಮಗುವಿನಲ್ಲಿ ಇದು ಇನ್ನೂ ಹೆಚ್ಚುತ್ತದೆ, ಏಕೆಂದರೆ ಕಬ್ಬಿಣಕ್ಕಾಗಿ ತೆರೆದ ಬಾಗಿಲಿನಿಂದಲೇ ಸೀಸವೂ ನುಸುಳುತ್ತದೆ. ಬ್ಯಾಟರಿ ರಿಪೇರಿಯ ಅಂಗಡಿಗೆ ಬೆಳಿಗ್ಗೆ ಒಂದು ಲೋಟ ಚಹಾ ಕುಡಿದು ಹೋಗುವ ಹುಡುಗನಿಗೂ ಮುದ್ದೆ ಉಂಡು ಕೈ ತೊಳೆದು ಹೋಗುವವನಿಗೂ ಇರುವ ಅಂತರವು ಯಾವ ಮೂಲಿಕೆಯ ಗುಳಿಗೆ ಕೊಡುವ ಅಂತರಕ್ಕಿಂತಲೂ ದೊಡ್ಡದು. ಅವನ ಕೆಲಸದ ಅಂಗಿಯನ್ನು ಮನೆಯ ಮಕ್ಕಳ ಬಟ್ಟೆಗಳೊಡನೆ ಒಗೆಯಬಾರದೆಂಬುದನ್ನೂ ಇದರೊಡನೆ ಹೇಳಬೇಕು.

ಗರ್ಭಿಣಿಯರ ವಿಷಯವು ಬೇರೆಯಾಗಿ ಗಮನಾರ್ಹವಾದುದು. ಹುಟ್ಟಲಿರುವ ಶಿಶುವಿನ ಎಲುಬಿಗಾಗಿ ತಾಯಿಯ ಎಲುಬು ಸುಣ್ಣದ ಅಂಶವನ್ನು ಬಿಟ್ಟುಕೊಡುತ್ತದೆ. ಬಾಲ್ಯದಲ್ಲಿ ಅವಳು ಸೇವಿಸಿದ್ದ ಸೀಸವು ಅದರೊಡನೆ ಹೊರಬಂದು ಶಿಶುವನ್ನು ಸೇರುತ್ತದೆ. ಮೆಕ್ಸಿಕೋ ನಗರದ ೬೭೦ ಗರ್ಭಿಣಿಯರಲ್ಲಿ ಕೆಲವರಿಗೆ ದಿನಕ್ಕೆ ೧೨೦೦ ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟು ನೋಡಿದಾಗ ಅವರ ರಕ್ತದ ಸೀಸವು ಸರಾಸರಿ ನೂರಕ್ಕೆ ೧೧ರಷ್ಟು ಕಡಿಮೆಯಿದ್ದಿತೆಂದೂ, ಗುಳಿಗೆಯನ್ನು ತಪ್ಪದೆ ಸೇವಿಸಿದವರಲ್ಲಿ ೨೪ರಷ್ಟು ಕಡಿಮೆಯಿದ್ದಿತೆಂದೂ ೨೦೦೯ರಲ್ಲಿ ತಿಳಿದುಬಂದಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೬೦ ಮಿಲಿಗ್ರಾಂ ಕ್ಯಾಲ್ಸಿಯಂ ಇದೆ; ಧಾನ್ಯಗಳಲ್ಲಿ ಇದಕ್ಕೆ ಸಮಾನವಾದುದಿಲ್ಲ. ಅದೇ ರಾಗಿಯಲ್ಲಿರುವ ಫೈಟಿಕ್ ಆಮ್ಲವು ಕರುಳಿನಲ್ಲಿ ಸೀಸವನ್ನು ಕಟ್ಟಿಹಾಕುತ್ತದೆ, ಕಬ್ಬಿಣ ಕ್ಯಾಲ್ಸಿಯಂಗಳನ್ನೂ ಸ್ವಲ್ಪ ತಡೆಯುತ್ತದೆ. ರಾಗಿಯನ್ನು ಮೊಳಕೆ ಕಟ್ಟಿ ಹುರಿದು ಹಿಟ್ಟು ಮಾಡಿದರೆ ಆ ತಡೆ ತಗ್ಗುತ್ತದೆ. ಎರಡು ಹೊತ್ತಿನ ಮುದ್ದೆಗೆ ಇನ್ನೂರು ಗ್ರಾಂ ಹಿಟ್ಟೆಂದು ಇಟ್ಟುಕೊಂಡರೆ ದೊರೆಯುವ ಕ್ಯಾಲ್ಸಿಯಂ ೭೨೦ ಮಿಲಿಗ್ರಾಂ. ಉಳಿದ ೪೮೦ಕ್ಕೆ ಎರಡು ಲೋಟ ಮಜ್ಜಿಗೆಯೂ ಒಂದು ಹಿಡಿ ನುಗ್ಗೆಸೊಪ್ಪೂ ಬೇಕಾಗುತ್ತವೆ, ಮಜ್ಜಿಗೆಯನ್ನು ಇಡುವುದು ಕಲಾಯಿ ಹಾಕಿಸದ ಪಾತ್ರೆಯಲ್ಲಿ ಆಗದಿದ್ದರೆ.